‘ಸಾಕು’ ಎಂದವರಿಗೆ ಕಾರಣ ಕೇಳಬೇಡಿ

ಕಳೆದ ಭಾನುವಾರ ನಮ್ಮ ಕತ್ತಿವರಸೆ ಗುಂಪಿನ ಅಭ್ಯಾಸದಲ್ಲಿ ಕಂಡದ್ದನ್ನು ಬರೆಯದೆ ಬಿಟ್ಟರೆ ನನಗೆ ನೆಮ್ಮದಿಯಿಲ್ಲ. ಡಿಗ್ರಿ ಓದುತ್ತಿರುವ, ಈಚೆಗಷ್ಟೇ ಸೇರಿದ ಹುಡುಗಿಯೊಬ್ಬಳು ತನಗಿಂತ ಎತ್ತರದಲ್ಲೂ ತೂಕದಲ್ಲೂ ಬಹಳ ದೊಡ್ಡವನಾದ ಹಳೆಯ ಸದಸ್ಯನೊಬ್ಬನ ಎದುರು ಸ್ಪಾರಿಂಗ್ ಮಾಡುತ್ತಿದ್ದಳು. ಮೊಣಕೈಗೆ ಜೋರಾದ ಏಟು ಬಿದ್ದಾಗ ಆಕೆ ಕತ್ತಿಯ ತುದಿಯನ್ನು ನೆಲಕ್ಕಿಳಿಸಿ, ಎಡಗೈ ಎತ್ತಿ, ಎಲ್ಲರಿಗೂ ಕೇಳುವಂತೆ ‘ಸಾಕು’ ಎಂದಳು. ಆಮೇಲೂ ಎರಡು ಏಟು ಬಿದ್ದವು. ಒಂದು ಹೆಗಲಿಗೆ, ಇನ್ನೊಂದು ಮಾಸ್ಕಿನ ಮೇಲೆ. ನಾನು ಓಡಿಹೋಗಿ ನಡುವೆ ನಿಂತು ಕೇಳಿದರೆ, ‘ಆಟದ ಜೋರಿನ್ಯಾಗ ಕೇಳ್ಸಿಲ್ರೀ ಅಕ್ಕಾ’ ಎಂಬ ಉತ್ತರ ಬಂತು. ಅದಾದ ಮೇಲೆ ನಡೆದದ್ದು ನನ್ನನ್ನು ಇನ್ನೂ ಹೆಚ್ಚು ಕೆರಳಿಸಿತು. ಕಲಿಸುವವರು ಬಂದು ಆ ಹುಡುಗಿಯನ್ನೇ ಕೇಳಿದರು: ‘ಎಲ್ಲಿ ಪೆಟ್ಟಾತು, ತೋರ್ಸು ನೋಡೋಣ. ಇಷ್ಟಕ್ಕ ಅಂಜಿದ್ರ ಕತ್ತಿ ಹಿಡಿಯೋದು ಹೆಂಗವ್ವಾ?’ ಸುತ್ತ ನಿಂತವರು ನಕ್ಕರು. ಆಕೆ ಜಾಕೆಟ್ಟಿನ ತೋಳನ್ನು ಮೇಲೇರಿಸಿ, ಅಷ್ಟು ಜನರ ಎದುರು, ತನಗೆ ನಿಜವಾಗಿಯೂ ನೋವಾಗಿದೆ ಎಂದು ಸಾಬೀತು ಮಾಡಬೇಕಾಯಿತು.

ನನ್ನ ತಕರಾರು ಇರುವುದು ಆ ಸಾಬೀತಿನ ಬಗ್ಗೆ. ಕತ್ತಿ ಹಿಡಿದು ಎದುರು ನಿಂತ ಇಬ್ಬರಲ್ಲಿ ಯಾರೇ ‘ಸಾಕು’ ಎಂದರೂ ಆ ಕ್ಷಣಕ್ಕೆ ಎಲ್ಲವೂ ನಿಲ್ಲಬೇಕು. ಏಕೆ ನಿಲ್ಲಿಸಿದೆ, ಎಷ್ಟು ನೋವಾಯಿತು, ರಕ್ತ ಬಂದಿದೆಯೇ ಎಂಬ ವಿಚಾರಣೆ ಅಲ್ಲಿ ಇರಕೂಡದು. ಕಾರಣ ಕೇಳುವ ಪದ್ಧತಿ ಒಮ್ಮೆ ಶುರುವಾದರೆ, ಮುಂದಿನ ಸಲ ಅದೇ ಹುಡುಗಿ ಬಾಯಿ ಮುಚ್ಚಿಕೊಂಡು ಏಟು ತಿನ್ನುತ್ತಾಳೆ, ಅದರ ಮುಂದಿನ ಸಲ ಅಭ್ಯಾಸಕ್ಕೇ ಬರುವುದಿಲ್ಲ, ಆಗ ನಾವೇ ‘ಹೆಣ್ಣುಮಕ್ಕಳು ಇದರಲ್ಲಿ ಉಳಿಯುವುದಿಲ್ಲ’ ಎಂದು ತೀರ್ಮಾನ ಕೊಟ್ಟು ಕೂರುತ್ತೇವೆ. ಬಳ್ಳಾರಿಯಂಥ ಊರಿನಲ್ಲಿ, ಯುರೋಪಿನ ಹಳೆಯ ಗ್ರಂಥಗಳನ್ನು ನೋಡಿ ಎರಡು ಕೈಯ ಉದ್ದಗತ್ತಿಯ ವರಸೆ ಕಲಿಯುತ್ತೇವೆ ಎಂದಾಗ ಮನೆಯವರನ್ನು ಒಪ್ಪಿಸುವುದೇ ಒಂದು ದೊಡ್ಡ ಕೆಲಸ. ಆ ಕೆಲಸವನ್ನು ಮುಗಿಸಿ ಬಂದವಳನ್ನು ನಾವು ನಕ್ಕು ಕಳಿಸಿದೆವು.

ಫಿಸಿಯೋಥೆರಪಿಯಲ್ಲಿ ಇಷ್ಟು ವರ್ಷ ಕಳೆದವಳಾಗಿ ಹೇಳುತ್ತೇನೆ: ಹೊರಗಿನಿಂದ ನೋಡಿ ನೋವನ್ನು ಅಳೆಯುವ ವಿದ್ಯೆ ಯಾರಿಗೂ ಇಲ್ಲ. ನಮ್ಮ ಅಭ್ಯಾಸದ ಕತ್ತಿಗೆ, ಅಂದರೆ ಫೆಡರಿಗೆ, ಅಲಗಿನ ಹರಿತವಿಲ್ಲದಿರಬಹುದು. ಆದರೆ ಅದು ಸುಮಾರು ಒಂದೂವರೆ ಕಿಲೊ ತೂಕದ ಉಕ್ಕು, ಎರಡೂ ಕೈಗಳ ಬಲದಿಂದ ಬೀಸಿ ಬರುವ ಉಕ್ಕು. ಬೆರಳಿನ ಮೂಳೆ ಮುರಿಯುವುದಕ್ಕೆ ಅಷ್ಟು ಬೇಕಾದಷ್ಟಾಯಿತು, ದಪ್ಪ ಗ್ಲೌಸ್ ಇದ್ದಾಗಲೂ. ಮಾಸ್ಕಿನ ಜಾಲರಿ ತುದಿ ಒಳಗೆ ನುಗ್ಗುವುದನ್ನು ತಡೆಯುತ್ತದೆ, ಆದರೆ ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ತಡೆಯುವುದಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಮೊದಲ ಹತ್ತು ನಿಮಿಷ ಏನೂ ಅನ್ನಿಸದೆ, ಮನೆಗೆ ಹೋದ ಮೇಲೆ ವಾಂತಿ, ತಲೆಸುತ್ತು, ಮಂಕು ಶುರುವಾಗಬಹುದು. ‘ನೋಡು, ಏನೂ ಆಗಿಲ್ಲ’ ಎಂದು ಬೆನ್ನು ತಟ್ಟಿ ಮತ್ತೆ ಕಣಕ್ಕೆ ಇಳಿಸುವುದು ಅಲ್ಲಿಗೆ ಅಪರಾಧವೇ ಸರಿ. ಇದರ ಮೇಲೆ ನಮ್ಮ ಊರಿನ ಏಪ್ರಿಲ್ ಬಿಸಿಲು ಬೇರೆ: ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಹತ್ತಿ ತುಂಬಿದ ಜಾಕೆಟ್ಟು, ಗಂಟಲು ಕಾಪು, ಮಾಸ್ಕು ಹಾಕಿಕೊಂಡು ನಿಂತವರು ‘ಸಾಕು’ ಎಂದರೆ ಅದು ಹೆಚ್ಚಾಗಿ ದೇಹ ಕೊಡುವ ಕೊನೆಯ ಎಚ್ಚರಿಕೆ.

‘ಸಾಮಾನು ಸರಿಯಾಗಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಆಗುತ್ತದೆ’ ಎನ್ನುವವರು ನಮ್ಮಲ್ಲಿ ಬಹಳ. ಅವರು 1982ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಫೆನ್ಸಿಂಗ್ ಚಾಂಪಿಯನ್‌ಶಿಪ್ ಅನ್ನು ನೆನೆಯಲಿ. ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೋವ್ ಅವರ ಎದುರಾಳಿಯ ಅಲಗು ಮುರಿದು, ಮುರಿದ ತುದಿ ಮಾಸ್ಕಿನ ಜಾಲರಿಯನ್ನು ತೂರಿ ಒಳಹೊಕ್ಕು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅಲ್ಲಿ ದ್ವೇಷವಿರಲಿಲ್ಲ, ಒರಟುತನವಿರಲಿಲ್ಲ, ನಿಯಮಗಳ ಕೊರತೆಯೂ ಇರಲಿಲ್ಲ. ಆಮೇಲೆ ಮಾಸ್ಕು, ಬಟ್ಟೆ, ಅಲಗಿನ ಉಕ್ಕು ಎಲ್ಲದರ ಮಾನದಂಡವನ್ನು ಬಿಗಿಗೊಳಿಸಿದರು. ತೂರಿ ಬರುವ ತುದಿಯನ್ನು ಎಷ್ಟು ಬಲದವರೆಗೆ ತಡೆಯಬಲ್ಲದೆಂದು ಇವತ್ತು ಮಾಸ್ಕಿನ ಮೇಲೆ 350 ಅಥವಾ 1600 ನ್ಯೂಟನ್ ಎಂದು ಬರೆದಿರುವುದರ ಹಿಂದೆ ಇಂಥ ಇತಿಹಾಸವಿದೆ. ಎಲ್ಲ ಎಚ್ಚರಿಕೆಯ ನಡುವೆಯೂ ಜೀವ ಹೋಗಬಲ್ಲ ಒಂದು ಕಲೆಯಲ್ಲಿ, ಎದುರಿನವಳ ಮಾತು ಕಿವಿಗೆ ಬೀಳಲಿಲ್ಲ ಎನ್ನುವವನು ಕತ್ತಿಯನ್ನು ಕೆಳಗಿಟ್ಟು ಕೂರಬೇಕು. ಕೇಳಿಸಿಕೊಳ್ಳುವುದು ಆ ವಿದ್ಯೆಯ ಭಾಗವೇ ಆಗಿದೆ.

ನನಗೆ ಬಂದ ಪ್ರತ್ಯುತ್ತರ ಗೊತ್ತಿರುವುದೇ: ‘ಇದು ಯುದ್ಧಕಲೆ. ಇದನ್ನು ಮೆತ್ತಗೆ ಮಾಡಿದರೆ ಇತಿಹಾಸಕ್ಕೆ ದ್ರೋಹ. ಹಿಂದಿನವರು ಸಾಕು ಅಂದರೆ ಬಿಡುತ್ತಿದ್ದರೇ?’ ಈ ವಾದದಲ್ಲಿ ಒಂದು ಎಳೆ ನಿಜವಿದೆ, ಏಟಿನ ಭಯವೇ ಇಲ್ಲದ ಕತ್ತಿವರಸೆ ಕುಣಿತವಾಗಿಬಿಡುತ್ತದೆ; ಆ ಮಟ್ಟಿಗೆ ಒಪ್ಪುತ್ತೇನೆ. ಆದರೆ ಇತಿಹಾಸದ ಹೆಸರು ಹೇಳುವವರು ಇತಿಹಾಸವನ್ನು ಓದಿರಬೇಕು. 16ನೇ ಶತಮಾನದ ಜರ್ಮನ್ ಪಟ್ಟಣಗಳಲ್ಲಿ ಕತ್ತಿವರಸೆಯ ಸಾರ್ವಜನಿಕ ಕೂಟಗಳು ನಡೆಯುತ್ತಿದ್ದವು. ನಾವು ಗುರುವೆಂದು ಓದುವ ಯೋಆಖಿಮ್ ಮೈಯರ್ 1570ರಲ್ಲಿ ತನ್ನ ಗ್ರಂಥವನ್ನು ಅಚ್ಚು ಹಾಕಿಸಿದ್ದು ಇದೇ ಕಾಲದಲ್ಲಿ. ಅಂಥ ಕೂಟಗಳಲ್ಲಿ ಆಟ ಶುರುವಾಗುವ ಮೊದಲು ನಿಯಮಗಳನ್ನು ಎಲ್ಲರಿಗೂ ಕೇಳುವಂತೆ ಸಾರುತ್ತಿದ್ದರು: ತುದಿಯಿಂದ ತಿವಿಯಬಾರದು, ಹಿಡಿಯ ಕೊನೆಯ ಗುಂಡಿನಿಂದ ಗುದ್ದಬಾರದು, ಮೈಮೇಲೆ ನುಗ್ಗಬಾರದು, ಪರಸ್ಪರ ಹಗೆಯಿರುವವರು ಅದನ್ನು ಇಲ್ಲಿ ತೀರಿಸಿಕೊಳ್ಳಬಾರದು. ಅವರು ನಿಜವಾದ ಯುದ್ಧಗಳನ್ನು ಕಂಡವರು. ಕಲಿಯುವ ಜಾಗಕ್ಕೂ ಕೊಲ್ಲುವ ಜಾಗಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ತಿಳಿದಿತ್ತು.

ಜರ್ಮನಿ ದೂರವಾಯಿತು ಎನ್ನುವವರಿಗೆ ನಮ್ಮ ಪಕ್ಕದ ಹಂಪಿಯ ಮಾತನ್ನೇ ಹೇಳುತ್ತೇನೆ. 16ನೇ ಶತಮಾನದ ಆರಂಭದ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ ಅಲ್ಲಿನ ದ್ವಂದ್ವಯುದ್ಧದ ಪದ್ಧತಿಯನ್ನು ವಿವರಿಸುತ್ತಾನೆ. ಅದಕ್ಕೆ ಅರಸನ ಅನುಮತಿ ಬೇಕಿತ್ತು. ದಿನ ಮೊದಲೇ ಗೊತ್ತಾಗಬೇಕಿತ್ತು. ಇಬ್ಬರ ಆಯುಧಗಳೂ ಒಂದೇ ಅಳತೆಯವಾಗಿರಬೇಕಿತ್ತು. ಒಬ್ಬೊಬ್ಬರ ಪಕ್ಕದಲ್ಲೂ ಅವರ ಪರವಾಗಿ ಒಬ್ಬ ನಿಲ್ಲುತ್ತಿದ್ದ. ಸಾಯಲು ಸಿದ್ಧರಾಗಿ ಬಂದವರಿಗೇ ಅಷ್ಟು ಕಟ್ಟುಪಾಡಿದ್ದ ನೆಲದಲ್ಲಿ, ಭಾನುವಾರದ ಅಭ್ಯಾಸಕ್ಕೆ ಬಂದ ಹುಡುಗಿಯ ಪಕ್ಕದಲ್ಲಿ ನಿಲ್ಲಲು ಒಬ್ಬರೂ ಇಲ್ಲದೆ ಹೋದದ್ದು ನನಗೆ ಸಹಿಸಲಾಗದ ಸಂಗತಿ.

ಯಾರಿಗೆ ಈ ಕಲೆ ಸೇರಿದ್ದು ಎಂಬುದರಲ್ಲೂ ನಮ್ಮವರ ತಿಳಿವಳಿಕೆ ತಪ್ಪಿದೆ. ಯುರೋಪಿನ ಕತ್ತಿವರಸೆಯ ಗ್ರಂಥಗಳಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯದು ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. 14ನೇ ಶತಮಾನದ ಆರಂಭದ ಆ ಹಸ್ತಪ್ರತಿಯಲ್ಲಿ ಒಬ್ಬ ಪಾದ್ರಿ ತನ್ನ ಶಿಷ್ಯನಿಗೆ ಕತ್ತಿ ಮತ್ತು ಚಿಕ್ಕ ಗುರಾಣಿಯ ಪಟ್ಟುಗಳನ್ನು ಕಲಿಸುವ ಚಿತ್ರಗಳಿವೆ, ಅದರ ಕೊನೆಯ ಪುಟಗಳಲ್ಲಿ ವಾಲ್‌ಪುರ್ಗಿಸ್ ಎಂಬ ಹೆಸರಿನ ಹೆಣ್ಣುಮಗಳು ಅದೇ ಕತ್ತಿ, ಅದೇ ಗುರಾಣಿ ಹಿಡಿದು ಪಾದ್ರಿಯ ಎದುರು ನಿಂತಿದ್ದಾಳೆ. ಯಾವ ವಿಶೇಷ ವಿವರಣೆಯೂ ಇಲ್ಲದೆ, ಇನ್ನೊಬ್ಬ ಕಲಿಯುವವಳಾಗಿ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯ ಹೆಂಗಸರಲ್ಲಿ ಕತ್ತಿ ಗುರಾಣಿ ಹಿಡಿಯುವವರೂ ಕುಸ್ತಿ ಮಾಡುವವರೂ ಇದ್ದರೆಂದು ಬರೆದಿದ್ದಾನೆ. ಅವರು ಯಾರ ದಯೆಯಿಂದಲೂ ಅಲ್ಲಿರಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಮಾತ್ರ ಇದು ನಿಲ್ಲುವುದಿಲ್ಲ. ನಮ್ಮ ಗುಂಪಿನಲ್ಲಿ ಕೌಲ್ ಬಜಾರಿನ ಕಡೆಯಿಂದ ಬರುವ ಒಬ್ಬ ಮುಸ್ಲಿಂ ಹುಡುಗನಿದ್ದಾನೆ, ನಮ್ಮೆಲ್ಲರಿಗಿಂತ ಚುರುಕಿನ ಕಾಲುಗಳವನು. ಒಂದು ಊರಿನ ಜಾತ್ರೆಯಲ್ಲಿ, ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಆದಿಲ್‌ಶಾಹಿ ಸೇನೆಯನ್ನು ಸೋಲಿಸಿದ 1520ರ ರಾಯಚೂರು ಯುದ್ಧದ ಪ್ರದರ್ಶನ ಕೊಟ್ಟಾಗ ಅವನಿಗೆ ಆದಿಲ್‌ಶಾಹಿಯ ಸೈನಿಕನ ಪಾತ್ರ ಕೊಟ್ಟರು. ಅಂದಿನಿಂದ ಪ್ರತಿ ಪ್ರದರ್ಶನದಲ್ಲೂ ಸೋತು ಬೀಳುವ ಕೆಲಸ ಅವನದೇ, ಅಭ್ಯಾಸದಲ್ಲೂ ಅವನನ್ನು ಹೆಸರು ಹಿಡಿದು ಕರೆಯದೆ ‘ಸುಲ್ತಾನ’ ಎಂದು ಕರೆಯುತ್ತಾರೆ. ಅವನು ಒಮ್ಮೆ ‘ಈ ಸಲ ನಾ ಆ ಕಡೆ ಇರ್ತೀನ್ರೀ’ ಎಂದಾಗ ಅದಕ್ಕೂ ನಗು. ವಿಜಯನಗರದ ಅರಸ ಎರಡನೇ ದೇವರಾಯ ತನ್ನ ಸೇನೆಗೆ ಮುಸ್ಲಿಂ ಬಿಲ್ಗಾರರನ್ನೂ ಸವಾರರನ್ನೂ ಸೇರಿಸಿಕೊಂಡದ್ದನ್ನು ಈ ನಗುವವರು ತಿಳಿಯಬೇಕು. ಅದೇ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕೋಟೆಯ ಮೇಲೆ ಗುಂಡು ಹಾರಿಸಿದವರು ಕ್ರಿಸ್ತೋವಾವೊ ಡಿ ಫಿಗೆರೆದೊ ಕರೆತಂದಿದ್ದ ಪೋರ್ಚುಗೀಸರು ಎಂಬುದನ್ನೂ ತಿಳಿಯಬೇಕು. ಧರ್ಮಕ್ಕೆ ತಕ್ಕಂತೆ ಪಾತ್ರ ಹಂಚುವಷ್ಟು ಸರಳವಾಗಿ ಆ ಯುದ್ಧ ನಡೆಯಲಿಲ್ಲ. ಇಂಥ ಹೆಸರಿಟ್ಟು ಕರೆಯುವುದಕ್ಕೆ ಆ ಹುಡುಗ ‘ಸಾಕು’ ಎಂದದ್ದೂ ಒಂದು ‘ಸಾಕು’, ಅದನ್ನೂ ಅದೇ ಕ್ಷಣಕ್ಕೆ ಕೇಳಿಸಿಕೊಳ್ಳಬೇಕಿತ್ತು.

ನನ್ನ ತಂದೆ ಸಿಂಧನೂರು ಕಡೆಯ ಹಳ್ಳಿಯವರು, ಕಟ್ಟುಮಸ್ತಾದ ಮೈ. ಅವರು ಗರಡಿಮನೆಯ ಬಾಗಿಲಲ್ಲಿ ನಿಂತು ಕುಸ್ತಿ ನೋಡಿದ್ದಾರೆಯೇ ಹೊರತು ಒಳಗಿನ ಮಣ್ಣಿಗೆ ಕಾಲಿಡಲು ನಮ್ಮ ಕೇರಿಯವರಿಗೆ ಬಿಡುತ್ತಿರಲಿಲ್ಲ. ಇದನ್ನು ನಾನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ನಾನು ಮೊದಲ ಸಲ ಫೆಡರ್ ಹಿಡಿದ ದಿನ ಫೋಟೊ ನೋಡಿ ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಅಲ್ಲಿ ಎಲ್ಲಾರ್ನೂ ಒಳಗ ಬಿಡ್ತಾರೇನವ್ವಾ?’ ಎಂದು ಕೇಳಿದರು. ಬಿಡುತ್ತಾರೆ ಎಂದು ಹೇಳಿದ್ದೆ. ಒಳಗೆ ಬಿಟ್ಟು, ಅಲ್ಲಿ ಉಳಿಯಲಾಗದಂತೆ ಮಾಡುವುದು ಬಾಗಿಲು ಹಾಕುವುದಕ್ಕಿಂತ ಏನು ಮೇಲು?

ಕಲಿಸುವವರ ಮೇಲಿನ ಗೌರವದಿಂದಲೇ ಇನ್ನೊಂದು ಮಾತು ಹೇಳಬೇಕಿದೆ. ಕತ್ತಿವರಸೆಯಲ್ಲಿ ನಿಲುವು ತಿದ್ದಲು ಭುಜ, ಸೊಂಟ, ಮೊಣಕಾಲು ಮುಟ್ಟಬೇಕಾಗುತ್ತದೆ, ಕೆಲವು ಪಟ್ಟುಗಳಲ್ಲಿ ಮೈಗೆ ಮೈ ತಾಗುತ್ತದೆ. ಅದಕ್ಕೆ ಮೊದಲು ಒಂದು ಮಾತು ಕೇಳುವುದಕ್ಕೆ ಎರಡು ಸೆಕೆಂಡು ಸಾಕು. ಹದಿನೆಂಟು ತುಂಬದ ಮಕ್ಕಳೂ ನಮ್ಮಲ್ಲಿ ಬರುತ್ತಾರೆ. ಅವರಿಗೆ ರಾತ್ರಿ ಒಬ್ಬೊಬ್ಬರಿಗೇ ಮೆಸೇಜ್ ಮಾಡುವುದು, ಒಬ್ಬರನ್ನೇ ಉಳಿಸಿಕೊಂಡು ಬಾಗಿಲು ಹಾಕಿ ಅಭ್ಯಾಸ ಮಾಡಿಸುವುದು ಯಾವ ಗುಂಪಿನಲ್ಲೂ ನಡೆಯಕೂಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. ‘ಗುಂಪಿನ ಮರ್ಯಾದೆ’ ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ನಮ್ಮ ಸಾಮಾನಿನ ಕೋಣೆಯ ಗೋಡೆಯ ಮೇಲೆ ಇರಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಕ್ರೀಡಾ ತರಬೇತಿಯ ಜಾಗಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ, ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಯವರಿಗಾಗಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯ ದಾರಿಯನ್ನೂ ಇಟ್ಟಿದೆ. 2023ರ ಜನವರಿಯಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಗಿ ಬಂದದ್ದನ್ನು ನಾವೆಲ್ಲ ನೋಡಿದೆವು. ಅಷ್ಟು ಹೆಸರಿದ್ದವರ ಮಾತು ಕೇಳಿಸಲು ಬೀದಿಗೆ ಬರಬೇಕಾಯಿತು ಎಂದರೆ, ಹೊಸದಾಗಿ ಬಂದ ಡಿಗ್ರಿ ಹುಡುಗಿ ಯಾರ ಬಳಿ ಹೋಗಬೇಕು?

ನಮ್ಮ ಗುಂಪಿನಲ್ಲಿ ಅವಳು ಹೋಗಬಹುದಾದ ವ್ಯಕ್ತಿ ಒಬ್ಬರೇ, ಕಲಿಸುವವರು. ದೂರು ಅವರ ಬಗ್ಗೆಯೇ ಇದ್ದರೆ ದಾರಿಯೇ ಇಲ್ಲ. ಆದ್ದರಿಂದ ಕತ್ತಿ ಕಲಿಸದ, ಪ್ರದರ್ಶನಕ್ಕೆ ಯಾರನ್ನು ಆರಿಸಬೇಕೆಂದು ತೀರ್ಮಾನಿಸದ ಇಬ್ಬರನ್ನು, ಅವರಲ್ಲಿ ಒಬ್ಬರಾದರೂ ಹೆಂಗಸು ಇರುವಂತೆ, ಇದಕ್ಕೆಂದೇ ನೇಮಿಸಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ‘ಸಾಕು’ ಎಂದ ಮೇಲೆ ಏಟು ಹಾಕಿದವರು, ಎಷ್ಟೇ ಹಳಬರಾಗಲಿ, ಆ ದಿನದ ಮಟ್ಟಿಗೆ ಮಾಸ್ಕ್ ತೆಗೆದು ಹೊರಗೆ ಕೂರಬೇಕೆಂದೂ ಬರೆದಿದ್ದೇನೆ. ಅದಕ್ಕೆ ಬಂದ ಮೊದಲ ಪ್ರತಿಕ್ರಿಯೆ ‘ಹಿಂಗ ಮಾಡಿದ್ರ ಹಳಬ್ರು ಬಿಟ್ಟು ಹೋಗ್ತಾರ’ ಎಂಬುದು. ಹೊಸಬರು ಒಬ್ಬೊಬ್ಬರಾಗಿ ಬಿಟ್ಟು ಹೋದಾಗ ಈ ಆತಂಕ ಯಾರಲ್ಲೂ ಕಾಣಲಿಲ್ಲ.

ನನ್ನ ಕ್ಲಿನಿಕ್ಕಿಗೆ ಬರುವ ತಂದೆ ತಾಯಂದಿರು ಮಕ್ಕಳನ್ನು ಇದಕ್ಕೆ ಕಳಿಸಬಹುದೇ ಎಂದು ಕೇಳುತ್ತಾರೆ. ಇನ್ನು ಮುಂದೆ ಅವರಿಗೆ, ಕತ್ತಿ ಮಾಸ್ಕುಗಳ ಬೆಲೆ ವಿಚಾರಿಸುವ ಮೊದಲು, ಅಲ್ಲಿ ಯಾರು ಬೇಕಾದರೂ ಆಟ ನಿಲ್ಲಿಸಬಹುದೇ, ಕಲಿಸುವವರ ಮೇಲೆ ದೂರಿದ್ದರೆ ಯಾರ ಬಳಿ ಹೇಳಬೇಕು, ಮಾತು ಮೀರಿ ಏಟು ಹಾಕಿದ ಕೊನೆಯ ವ್ಯಕ್ತಿಗೆ ಏನು ಮಾಡಿದಿರಿ ಎಂಬುದನ್ನು ಕೇಳಲು ಹೇಳುತ್ತೇನೆ. ಈ ಯಾವುದಕ್ಕೂ ನಮ್ಮ ಗುಂಪಿನ ಬಳಿ ಇವತ್ತು ಉತ್ತರವಿಲ್ಲ. ಮುಂದಿನ ಭಾನುವಾರ ಅಭ್ಯಾಸ ಶುರುವಾಗುವ ಮೊದಲು ನಾನೇ ಇವನ್ನು ಎಲ್ಲರ ಎದುರು ಕೇಳುತ್ತೇನೆ. ಆ ಹುಡುಗಿಯ ಪರವಾಗಿ ನಿಲ್ಲಬೇಕೆನಿಸಿದವರು ಬನ್ನಿ.