ಆ ಫೋಟೋದಲ್ಲಿ ಆಮೆ ಹಿಡಿದು ನಗುತ್ತಿರುವವನು ನಾನೇ

ಮೊನ್ನೆ ಫೇಸ್‌ಬುಕ್ ನನ್ನದೇ ಹಳೆಯ ಫೋಟೋ ಒಂದನ್ನು ಎದುರಿಗೆ ತಂದಿಟ್ಟಿತು. ಮೊಣಕಾಲುದ್ದ ನೀರಲ್ಲಿ ನಿಂತಿದ್ದೇನೆ. ತಲೆಗೆ ಟೋಪಿ, ಮೂಗಿನ ಮೇಲೆ ಬೆಳ್ಳಗೆ ಸನ್‌ಸ್ಕ್ರೀನ್. ಎರಡೂ ಕೈಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಕಡಲಾಮೆ ಮರಿ. ನಾನು ಹಲ್ಲು ಕಿರಿದು ನಗುತ್ತಿದ್ದೇನೆ. ಪಕ್ಕದಲ್ಲಿ ಆಯಿ, ಅಂದರೆ ನನ್ನ ಅಮ್ಮ, ಇದ್ದಾಳೆ. ಅವಳ ಮುಖದಲ್ಲಿ ನಗು ಇಲ್ಲ.

ಅದೇ ವಾರ ಡಲ್ಲಾಸ್‌ನ ಗೆಳೆಯನೊಬ್ಬ ಫೋನ್ ಮಾಡಿದ. "ಕ್ರೂಸ್ ಬುಕ್ ಮಾಡಿದೀವಿ ಮಾರಾಯ. ಕೇಮನ್‌ನಲ್ಲಿ ಇಳಿದಾಗ ಆಮೆ ನೋಡೋಕೆ ಹೋಗೋದಾ? ಮಕ್ಕಳು ಈಗಲೇ ಕುಣೀತಾ ಇದಾವೆ." ಹೂಂ ಅನ್ನೋಕೂ ಆಗಲಿಲ್ಲ, ಬೇಡ ಅನ್ನೋಕೂ ಬಾಯಿ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವು ಹೋದದ್ದು ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಒಂದು ವಾರದ ಕ್ರೂಸ್‌ನಲ್ಲಿ. ಹ್ಯೂಸ್ಟನ್ ಕಡೆಯವರಿಗೆ ಇದು ಗೊತ್ತಿರುವ ದಾರಿಯೇ. ಊರಿಂದ ಅಪ್ಪ-ಅಮ್ಮ ಬಂದರೆ ನಯಾಗರ ಒಂದು, ಕ್ರೂಸ್ ಒಂದು ಆಗಲೇಬೇಕು, ಅಲ್ವಾ? ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ರಾಜಧಾನಿ ಜಾರ್ಜ್ ಟೌನ್ ಎದುರು ನೀರಲ್ಲೇ ನಿಲ್ಲುತ್ತದೆ. ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ನಮ್ಮನ್ನು ತುಂಬಿ ದಡಕ್ಕೆ ಬಿಡುತ್ತಾರೆ. ಆಯಿಗೆ ಸೇತುವೆ ಆಗುವ ಮೊದಲು ಶರಾವತಿ ದಾಟುತ್ತಿದ್ದದ್ದು ನೆನಪಾಯಿತು. ಅಪ್ಪನಿಗೆ ಬೇರೆಯದೇ ಖುಷಿ. ಅದು ಬ್ರಿಟನ್ನಿನ ಕೈಕೆಳಗಿನ ದ್ವೀಪ, ಗಾಡಿ ಎಡಗಡೆ ಓಡುತ್ತದೆ. "ಇಲ್ಲಿ ಬೇಕಾದ್ರೆ ನಾನೇ ಕಾರು ಬಿಡ್ತಿದ್ದೆ" ಅಂದರು. ಸದ್ಯ, ನಾವು ಬಸ್ಸು ಹತ್ತಿದ್ದೆವು.

ಬಸ್ಸು ಸೆವೆನ್ ಮೈಲ್ ಬೀಚ್ ದಾಟಿ ವೆಸ್ಟ್ ಬೇಗೆ ಹೋಗುತ್ತದೆ. ಕೇಮನ್ ಟರ್ಟಲ್ ಸೆಂಟರ್ ಇರುವುದು ಅಲ್ಲಿ. ಮೊದಲು ಸಿಗುವುದೇ ದೊಡ್ಡ ಆಮೆಗಳ ಕೊಳ. ಹಸಿರು ಕಡಲಾಮೆಗಳು, ಒಂದೊಂದೂ ಕ್ವಿಂಟಲ್ ಮೀರಿದವು. ನೀರು ಸೀಳಿ ತಲೆ ಎತ್ತುತ್ತವೆ, ಫುಸ್ ಅಂತ ಉಸಿರು ಬಿಡುತ್ತವೆ, ಮತ್ತೆ ಮುಳುಗುತ್ತವೆ. ಆ ಸದ್ದು ಈಗಲೂ ಕಿವಿಯಲ್ಲಿದೆ. ಆಯಿ ಕೈ ಮುಗಿದಳು. "ಕೂರ್ಮಾವತಾರ ಅಂದ್ರೆ ಸುಮ್ನೆ ಅಲ್ಲ" ಅಂದಳು. ಕೊಳದ ಒಂದು ಬದಿಗೆ ಮರಳು ಹಾಕಿ ದಂಡೆ ಮಾಡಿದ್ದಾರೆ. ಹೆಣ್ಣಾಮೆಗಳು ಅಲ್ಲೇ ಹತ್ತಿ ಮೊಟ್ಟೆ ಇಡುತ್ತವೆ, ಆ ಮೊಟ್ಟೆಗಳನ್ನು ಒಳಗೆ ಒಯ್ದು ಮರಿ ಮಾಡಿಸುತ್ತಾರೆ.

ಇಷ್ಟಾದರೆ ಚೆಂದ. ಆದರೆ ಅಲ್ಲಿ ಆಮೆ ಮಾಂಸದ ಅಡುಗೆಯೂ ಸಿಗುತ್ತದೆ ಅಂತ ಗೊತ್ತಾದಾಗ ನಮ್ಮ ಸಸ್ಯಾಹಾರಿ ಸಂಸಾರಕ್ಕೆ ಒಮ್ಮೆ ಮಾತೇ ಹೊರಡಲಿಲ್ಲ. ಈಗಷ್ಟೇ ಕೈ ಮುಗಿದ ದೇವರು, ಇಲ್ಲಿ ಊಟದ ಪಟ್ಟಿಯಲ್ಲಿ!

ಆ ಸಿಟ್ಟಿನಲ್ಲೇ ವಾಪಸು ಬಂದು ಓದಲು ಕೂತೆ. ಓದುತ್ತಾ ಹೋದಂತೆ ಸಿಟ್ಟು ಬೇರೆ ಕಡೆ ತಿರುಗಿತು.

ಕೊಲಂಬಸ್ 1503ರಲ್ಲಿ ಈ ದ್ವೀಪಗಳ ಹತ್ತಿರ ಬಂದಾಗ ಸುತ್ತ ಕಂಡದ್ದು ಆಮೆಗಳೇ. ಅದಕ್ಕೇ 'ಲಾಸ್ ತೊರ್ತುಗಾಸ್' ಅಂತ ಹೆಸರಿಟ್ಟ. ಆಮೆಗಳು ಅಂತಲೇ ಅದರ ಅರ್ಥ. ಆಮೇಲೆ ಬಂದ ನಾವಿಕರಿಗೆ ಇದು ತಿಂಗಳುಗಟ್ಟಲೆ ಕೆಡದ ಬುತ್ತಿ. ಆಮೆಯನ್ನು ಅಂಗಾತ ಹಾಕಿದರೆ ಎದ್ದು ಓಡುವುದಿಲ್ಲ, ಹಡಗಿನಲ್ಲಿ ವಾರಗಟ್ಟಲೆ ಜೀವಂತ ಇರುತ್ತದೆ, ಬೇಕಾದಾಗ ಕಡಿಯಬಹುದು. ಮುಂದೆ ಲಂಡನ್ನಿನ ಸಾಹೇಬರಿಗೆ ಆಮೆ ಸೂಪಿನ ಚಟ ಹತ್ತಿತು. ದ್ವೀಪದ ಸುತ್ತ ಆಮೆ ಖಾಲಿಯಾಯಿತು. ಕೇಮನ್ನಿನ ಜನ ಕ್ಯೂಬಾ, ನಿಕರಾಗುವಾ ಕಡೆಗೆಲ್ಲ ದೋಣಿ ಕಟ್ಟಿಕೊಂಡು ಆಮೆ ಹಿಡಿಯಲು ಹೋಗಬೇಕಾಯಿತು. ಆಮೆ ಅವರ ಹೊಟ್ಟೆಪಾಡು, ಅವರ ಹಬ್ಬದೂಟ.

ಆಮೆಯನ್ನು ಸಾಕಿಯೇ ಮಾರೋಣ ಅಂತ 1968ರಲ್ಲಿ ಒಂದು ಕಂಪನಿ ಶುರುವಾಯಿತು. ಅಮೆರಿಕ 1978ರಲ್ಲಿ ಹಸಿರು ಕಡಲಾಮೆಯನ್ನು ತನ್ನ ರಕ್ಷಣಾ ಪಟ್ಟಿಗೆ ಸೇರಿಸಿತು, ಆ ದೊಡ್ಡ ಮಾರುಕಟ್ಟೆಯ ಬಾಗಿಲು ಮುಚ್ಚಿತು. 1983ರಲ್ಲಿ ಕೇಮನ್ ಸರ್ಕಾರವೇ ಅದನ್ನು ವಹಿಸಿಕೊಂಡಿತು. ನಾವು ನೋಡಿದ ಸೆಂಟರ್ ಅದೇ. 2001ರಲ್ಲಿ ಮಿಶೆಲ್ ಚಂಡಮಾರುತದ ಅಲೆಗಳು ಮೊಟ್ಟೆ ಇಡುವ ದೊಡ್ಡ ಆಮೆಗಳಲ್ಲಿ ಹೆಚ್ಚಿನವನ್ನು ಸಮುದ್ರಕ್ಕೆ ಎಳೆದುಕೊಂಡು ಹೋದವು. (ಆಮೆಗಳ ಕಡೆಯಿಂದ ನೋಡಿದರೆ ಅದು ಬಿಡುಗಡೆ. ಹೀಗೆ ಯೋಚಿಸಿ ನಾನೊಬ್ಬನೇ ನಕ್ಕೆ.)

ಸಾಕಣೆ ನಿಲ್ಲಿಸಿ ಅನ್ನುವವರೂ ಇದ್ದಾರೆ. ಒಂದು ಅಂತಾರಾಷ್ಟ್ರೀಯ ಪ್ರಾಣಿದಯಾ ಸಂಸ್ಥೆ 2012ರಲ್ಲಿ ದೊಡ್ಡ ಅಭಿಯಾನವನ್ನೇ ಮಾಡಿತು. ಸಾವಿರಾರು ಮೈಲಿ ಈಜುವ ಪ್ರಾಣಿಯನ್ನು ಕೊಳದಲ್ಲಿ ಕಿಕ್ಕಿರಿದು ಇಡಬಾರದು ಅನ್ನುವುದು ಅವರ ವಾದ. ಆ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಇನ್ನೊಂದು ಕಡೆಯೂ ಇದೆ. ಆ ಸೆಂಟರ್‌ನಿಂದ ಇವತ್ತಿನವರೆಗೆ 30,000ಕ್ಕೂ ಜಾಸ್ತಿ ಆಮೆಗಳನ್ನು ಸಮುದ್ರಕ್ಕೆ ಬಿಟ್ಟಿದ್ದಾರೆ. ಈಗ ದ್ವೀಪದ ದಂಡೆಗಳಿಗೆ ಮೊಟ್ಟೆ ಇಡಲು ಬರುವ ಹಸಿರು ಆಮೆಗಳ ವಂಶವಾಹಿ ಪರೀಕ್ಷೆ ಮಾಡಿದಾಗ, ಹೆಚ್ಚಿನವು ಈ ಕೊಳದ ಆಮೆಗಳ ನೆಂಟರು ಅಂತ ಗೊತ್ತಾಯಿತು. ಸಾಕಿದ ಮಾಂಸ ಸಿಕ್ಕರೆ ಕಳ್ಳಬೇಟೆ ಕಡಿಮೆಯಾಗುತ್ತದೆ ಅಂತ ಅಲ್ಲಿನವರು ಹೇಳುತ್ತಾರೆ. ಕೋಳಿ ಫಾರಂ ಪಕ್ಕದಲ್ಲೇ ಬೆಳೆದ ನಾವು ಅವರಿಗೆ ಏನು ಅಂತ ಉಪದೇಶ ಮಾಡೋಣ?

ಹಾಗಾಗಿ ತಿನ್ನುವ ವಿಷಯದಲ್ಲಿ ನಾನು ಸುಮ್ಮನಾದೆ. ನನ್ನ ತಕರಾರು ಇರುವುದು ಮರಿಗಳನ್ನು ಕೈಯಲ್ಲಿ ಎತ್ತುವವರ ಮೇಲೆ. ಅಂದರೆ ನನ್ನ ಮೇಲೆ.

ಆ ಫೋಟೋ ತೆಗೆದ ಮರಿಗಳ ತೊಟ್ಟಿಯಲ್ಲಿ ನಡೆದದ್ದು ಇಷ್ಟು. ಚಿಪ್ಪಿನ ಎರಡೂ ಬದಿ ಹಿಡಿದು ಮೇಲೆತ್ತಿದ ಕೂಡಲೇ ಅದು ಮುಂಗಾಲುಗಳನ್ನು ಪಟಪಟ ಬಡಿಯತೊಡಗಿತು. ನೋಡಿದವರು "ಅಯ್ಯೋ, ಹಾರ್ತಾ ಇದೆ, ಎಷ್ಟು ಮುದ್ದು!" ಅಂದರು. ಅದು ಈಜಲು ಒದ್ದಾಡುತ್ತಿತ್ತು, ಅಷ್ಟೇ. ಕಾಲಿಗೆ ನೀರು ಸಿಗುತ್ತಿರಲಿಲ್ಲ. ಕುತ್ತಿಗೆ ಕೆಳಗೆ ಸವರಿದರೆ ಸುಮ್ಮನಾಗುತ್ತದೆ ಅಂತ ಯಾರೋ ಹೇಳಿಕೊಟ್ಟರು. ಸವರಿದೆ, ಸುಮ್ಮನಾಯಿತು. ಫೋಟೋ ಚೆನ್ನಾಗಿ ಬರಲಿಲ್ಲ ಅಂತ ಮತ್ತೆ ಎತ್ತಿದೆ. ಆಗಲೇ ಆಯಿ ಅಂದದ್ದು: "ಬಿಡೋ, ಪಾಪ. ನೀರಿಗೆ ಬಿಡು ಅದನ್ನ."

ನಾನು ಬಿಟ್ಟೆ. ಪಕ್ಕದವರು ಅದೇ ಮರಿಯನ್ನು ಎತ್ತಿಕೊಂಡರು. ಅವರ ಹಿಂದೆ ಸಾಲು. ಒಂದು ಹಡಗಿನಲ್ಲಿ ಮೂರು ಸಾವಿರ ಜನ, ಬಂದರಿನಲ್ಲಿ ಆ ದಿನ ಮೂರು ಹಡಗು. ಎಲ್ಲರ ಕೈಗೂ ಸನ್‌ಸ್ಕ್ರೀನ್. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು ಅನ್ನುವುದನ್ನು ನಾನು ತಿಳಿದದ್ದು ಆಮೇಲೆ. ತೊಳೆಯದ ಕೈಯಲ್ಲೇ ಬಸ್ಸಿನಲ್ಲಿ ಚಕ್ಕುಲಿ ತಿಂದಾಗಿತ್ತು.

ತಿನ್ನುವವನಿಗೆ ಒಂದು ಆಮೆ ಒಂದೇ ಸಲ. ನಮಗೆ ಒಂದೇ ಆಮೆ ದಿನಕ್ಕೆ ನೂರು ಸಲ ಬೇಕು.

ಆಯಿಯ ತವರು ಹೊನ್ನಾವರ ಕಡೆ. ಅಲ್ಲಿ ಕಾಸರಕೋಡು ದಂಡೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಬರುತ್ತವೆ. ರಾತ್ರಿ ಮರಳು ತೋಡಿ ನೂರರ ಹತ್ತಿರ ಮೊಟ್ಟೆ ಇಟ್ಟು ತಿರುಗಿ ನೋಡದೆ ಹೋಗುತ್ತವೆ. ಅವಳು ಸಣ್ಣವಳಿದ್ದಾಗ ಜನ ಆ ಮೊಟ್ಟೆಗಳನ್ನು ಅಗೆದು ಒಯ್ಯುತ್ತಿದ್ದರಂತೆ. ಈಗ ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿ ಕಾಯುತ್ತಾರೆ, ಮೀನುಗಾರರೇ ಗೂಡು ಕಂಡ ಸುದ್ದಿ ಕೊಡುತ್ತಾರೆ. ಸುಮಾರು ಐವತ್ತು ದಿನದ ಮೇಲೆ ಮರಿಗಳು ಹೊರಬಂದು ಸಮುದ್ರದ ಕಡೆ ತೆವಳುತ್ತವೆ. ಇದನ್ನೆಲ್ಲ ಆಯಿ ಹೇಳಿದ್ದು ವಾಪಸು ಟೆಂಡರ್ ಸಾಲಿನಲ್ಲಿ, ಬಿಸಿಲಲ್ಲಿ ನಿಂತು. "ಅಷ್ಟು ದೂರದಿಂದ ಇಲ್ಲಿ ಬಂದು ನೋಡಿದ್ವಿ. ಮನೆ ಹತ್ರದ್ದು ನಾನು ಒಂದಿನಾನೂ ನೋಡಲಿಲ್ಲ" ಅಂದಳು.

2025ರ ಅಕ್ಟೋಬರ್‌ನಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಯಾವ ಜೀವಿ ಅಳಿವಿನಂಚಿನಲ್ಲಿದೆ ಅಂತ ಪಟ್ಟಿ ಮಾಡುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್, ಹಸಿರು ಕಡಲಾಮೆಯನ್ನು ತನ್ನ ಪಟ್ಟಿಯಲ್ಲಿ ಅಳಿವಿನ ಅಪಾಯದ ಸಾಲಿನಿಂದ ಕಡಿಮೆ ಆತಂಕದ ಸಾಲಿಗೆ ಇಳಿಸಿತು. ಹಲವು ದೇಶಗಳಲ್ಲಿ ದಂಡೆ ಕಾದವರ, ಆಮೆ ಸಿಕ್ಕಿಬೀಳದ ಹಾಗೆ ಮೀನುಬಲೆ ಬದಲಿಸಿದವರ ದಶಕಗಳ ಕೆಲಸ ಅದು. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಈ ಸುದ್ದಿಯ ಕೆಳಗೆ ಯಾರೋ ನನ್ನ ಅದೇ ಫೋಟೋ ಹಾಕಿ ಚಪ್ಪಾಳೆ ತಟ್ಟಿದ್ದರು. ನಾನೇನೋ ಉಳಿಸಿದವನ ಹಾಗೆ!

ಗೆಳೆಯನಿಗೆ ಕೊನೆಗೆ ಹೇಳಿದ್ದು ಇಷ್ಟು. ಹೋಗು. ದೊಡ್ಡ ಕೊಳದ ಹತ್ತಿರ ಅರ್ಧ ಗಂಟೆ ಸುಮ್ನೆ ನಿಂತು ಅವು ಉಸಿರು ಬಿಡುವುದನ್ನು ಕೇಳು. ಮರಿಗಳ ತೊಟ್ಟಿಗೆ ಮಕ್ಕಳನ್ನು ಇಳಿಸಬೇಡ. ಟೆಂಡರ್‌ಗೆ ಬೇಗ ಬಂದು ನಿಲ್ಲು, ಸಾಲು ಉದ್ದ ಇರುತ್ತದೆ.

"ಮಕ್ಕಳು ಅಳ್ತಾವಲ್ಲೋ" ಅಂದ.

ಅಳಲಿ ಬಿಡು ಅಂದೆ.