ಮಠಾಧೀಶರ ಗಡಿಯಾರ, ಊರವರ ಬೀಸುವ ಕಲ್ಲು

ಯೂರೋಪಿನ ಮಧ್ಯಯುಗವನ್ನು ‘ಕತ್ತಲೆಯ ಯುಗ’ ಎಂದು ಜರೆದರೆ ಸಾಕು, ವಿಶ್ವವಿದ್ಯಾಲಯ, ಕನ್ನಡಕ, ಗಡಿಯಾರ ಎಲ್ಲ ಬಂದದ್ದು ಆಗಲೇ ಅಲ್ಲವೇ ಎಂದು ಮೇಲೆ ಬೀಳುವವರು ಈಗ ಬೇಕಾದಷ್ಟಿದ್ದಾರೆ. ಅವರು ಹೇಳುವುದು ನಿಜ. ಆದರೂ ಆ ಪಟ್ಟಿ ಕಂಡಾಗಲೆಲ್ಲ ನನಗೆ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಒಂದು ಕೋಣೆಯ ನೆಲ ನೆನಪಾಗುತ್ತದೆ.

1327ರಿಂದ 1336ರವರೆಗೆ ಅಲ್ಲಿ ಮಠಾಧೀಶರಾಗಿದ್ದವರು ರಿಚರ್ಡ್ ಆಫ್ ವಾಲಿಂಗ್‌ಫರ್ಡ್. ಕಮ್ಮಾರನ ಮಗ, ಆಕ್ಸ್‌ಫರ್ಡಿನಲ್ಲಿ ಓದಿದವರು, ಗಣಿತದಲ್ಲಿ ಗಟ್ಟಿಗರು. ಸೂರ್ಯಚಂದ್ರರ ಗತಿ ತೋರಿಸುವ ಗಡಿಯಾರ ಕಟ್ಟಿಸಲು ಹೊರಟರು. ಚರ್ಚು ದುರಸ್ತಿಗೆ ಕಾದಿರುವಾಗ ಇದಕ್ಕೇಕೆ ಇಷ್ಟು ಖರ್ಚು ಎಂದು ದೊರೆ ಮೂರನೆಯ ಎಡ್ವರ್ಡನೇ ಆಕ್ಷೇಪಿಸಿದ. ಚರ್ಚನ್ನು ನನ್ನ ನಂತರ ಬರುವವರೂ ಕಟ್ಟಿಯಾರು, ಇದನ್ನು ಮಾತ್ರ ಯಾರಿಂದಲೂ ಆಗದು ಎಂದರಂತೆ ಇವರು. ಆ ಠೀವಿ ನನಗೂ ಇಷ್ಟವೇ.

ಇದೇ ರಿಚರ್ಡರು ಊರವರ ಬೀಸುವ ಕಲ್ಲುಗಳನ್ನು ಕಿತ್ತು ತರಿಸಿದರು. ಧಾನ್ಯವನ್ನು ಮಠದ ಗಿರಣಿಗೇ ಒಯ್ಯಬೇಕು, ಬೀಸಿದ್ದರಲ್ಲಿ ಪಾಲು ಕೊಡಬೇಕು. ಮನೆಯಲ್ಲೇ ಬೀಸಿಕೊಂಡರೆ ಮಠದ ಆದಾಯಕ್ಕೆ ಕತ್ತರಿ. ಕಿತ್ತುಕೊಂಡದ್ದೂ ಸಾಲದೆ, ಆ ಕಲ್ಲುಗಳನ್ನು ಮಠದ ಮಾತುಕತೆಯ ಕೋಣೆಗೆ ನೆಲಹಾಸಾಗಿ ಹಾಕಿಸಿದರು. ಗೆದ್ದ ಮೇಲೂ ಹಂಗಿಸುವ ಈ ಬುದ್ಧಿಗೆ ಯಾವ ಗಣಿತದಲ್ಲಿ ಲೆಕ್ಕವಿದೆಯೋ!

ಊರು ಇದನ್ನು ಮರೆಯಲಿಲ್ಲ. 1381ರಲ್ಲಿ ತಲೆಗಂದಾಯದ ಸಿಟ್ಟಿನಿಂದ ಎಸೆಕ್ಸ್, ಕೆಂಟ್ ಪ್ರಾಂತ್ಯಗಳ ರೈತರು ದಂಗೆಯೆದ್ದು ಲಂಡನ್ನಿಗೆ ನುಗ್ಗಿದಾಗ ಸೇಂಟ್ ಆಲ್ಬನ್ಸಿನವರೂ ಎದ್ದರು. ಅವರ ಮುಂದಾಳು ವಿಲಿಯಂ ಗ್ರಿಂಡ್‌ಕಾಬ್. ಮಠಕ್ಕೆ ನುಗ್ಗಿದವರು ಆ ನೆಲವನ್ನು ಅಗೆದರು, ಕಲ್ಲುಗಳನ್ನು ಒಡೆದರು, ಭಾನುವಾರ ಚರ್ಚಿನಲ್ಲಿ ಹಂಚುವ ರೊಟ್ಟಿಯ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಚೂರು ಹಂಚಿಕೊಂಡರು. ತಾತಂದಿರ ಕಾಲದಲ್ಲಿ ಹೋದ ಕಲ್ಲು ಮೊಮ್ಮಕ್ಕಳ ಕೈಗೆ ಚೂರಾಗಿ ಬಂತು.

ಹಾಗಾಗಿ ಆ ಕಾಲ ಕತ್ತಲೆಯೋ ಬೆಳಕೋ ಎಂದು ಯಾರಾದರೂ ಕೇಳಿದರೆ, ಹಿಟ್ಟು ಯಾರ ಗಿರಣಿಯಲ್ಲಿ ಬೀಸಿಸುತ್ತಿದ್ದರು ಎಂದು ನಾನು ತಿರುಗಿ ಕೇಳುತ್ತೇನೆ. ಗಡಿಯಾರ ಕಟ್ಟಿದ ತಲೆಯೂ ಕಲ್ಲು ಕಿತ್ತ ತಲೆಯೂ ಒಂದೇ ಆಗಿದ್ದಾಗ ಅರ್ಧವನ್ನಷ್ಟೇ ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಗ್ರಿಂಡ್‌ಕಾಬನನ್ನು ಅದೇ ವರ್ಷ ಗಲ್ಲಿಗೇರಿಸಿದರು. ಕಲ್ಲು ಹಂಚಿದ ಸಂಗತಿಯನ್ನು ನಮಗೆ ಉಳಿಸಿದವನು ಅದೇ ಮಠದ ಸನ್ಯಾಸಿ ಥಾಮಸ್ ವಾಲ್ಸಿಂಗಂ. ದಂಗೆಕೋರರೆಂದರೆ ಉರಿದುಬೀಳುತ್ತಿದ್ದವನು ಅವನು. ಅವರ ಮರ್ಯಾದೆ ಕಳೆಯಲೆಂದೇ ಬರೆದ.