ಮನೆ ರೇಡಿಯೋ ಮಾಡುವವರಿಗೆ ಬ್ರಿಟನ್ನಿನಿಂದ ಎರಡು ಮಾತು

ಇಂಟರ್ನೆಟ್‌ನಲ್ಲಿ ಮಾತ್ರ ಕೇಳಿಸುವ ರೇಡಿಯೋಗೆ ಬ್ರಿಟನ್ನಿನಲ್ಲಿ ಆಫ್‌ಕಾಮ್ (ಪ್ರಸಾರ ನಿಯಂತ್ರಿಸುವ ಸಂಸ್ಥೆ) ಲೈಸೆನ್ಸ್ ಬೇಕಿಲ್ಲ. ಹಾಡು ಹಾಕುವುದಾದರೆ ಹಾಡಿನ ಹಕ್ಕು ನೋಡಿಕೊಳ್ಳುವ ಪಿಆರ್‌ಎಸ್, ಪಿಪಿಎಲ್ ಸಂಸ್ಥೆಗಳಿಗೆ ದುಡ್ಡು ಕಟ್ಟಬೇಕು, ಅಷ್ಟೇ. ಹಾಗಾಗಿ ರಾಜ್ಯೋತ್ಸವ ಹತ್ತಿರ ಬಂದಾಗ ಇಲ್ಲಿನ ಕನ್ನಡಿಗರಲ್ಲಿ ಯಾರಿಗಾದರೂ ‘ನಾವೂ ಒಂದು ರೇಡಿಯೋ ಮಾಡೋಣ’ ಅನ್ನಿಸಿಯೇ ಅನ್ನಿಸುತ್ತದೆ. ಆಸೆ ತಪ್ಪಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ್ದರು. ಆದರೆ ನಮ್ಮವರು ಮೊದಲು ಕೊಳ್ಳುವುದು ದುಬಾರಿ ಮೈಕು. ಕೈ ಕೊಡುವುದು ಮಾತ್ರ ಬೇರೇನೋ.

ಇಲ್ಲಿ ಆಸ್ಪತ್ರೆ ರೇಡಿಯೋ ಅಂತ ಒಂದಿದೆ. ರೋಗಿಗಳಿಗಾಗಿ ಸ್ವಯಂಸೇವಕರು ನಡೆಸುವುದು. ಅವರು ಕೆಲಸ ಮಾಡುವುದನ್ನು ನೋಡಿದ್ದೇನೆ. ಗುಂಯ್ ಅನ್ನುವ ಸದ್ದು ಬಂದರೆ ಒಂದೇ ವೈರ್ ತೆಗೆಯುತ್ತಾರೆ, ಕೇಳುತ್ತಾರೆ, ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಆಮೇಲೆ ಇನ್ನೊಂದು. ನೋಡುವವರಿಗೆ ಆಕಳಿಕೆ ಬರುತ್ತದೆ. ನಮ್ಮವರು ಕೇಬಲ್, ಸಾಫ್ಟ್‌ವೇರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ ‘ಸರಿಹೋಯ್ತು ಬಿಡಿ’ ಅನ್ನುತ್ತಾರೆ. ಯಾವುದರಿಂದ ಸರಿಹೋಯ್ತು? ಗೊತ್ತಿಲ್ಲ. ಮುಂದಿನ ವಾರ ಮತ್ತೆ ಅದೇ ಗುಂಯ್. ಎಷ್ಟೋ ಸಲ ಅದು ಲ್ಯಾಪ್‌ಟಾಪ್ ಚಾರ್ಜರ್‌ನ ಕಿತಾಪತಿ. ಅದನ್ನು ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ, ತಕ್ಷಣ ತಿಳಿಯುತ್ತದೆ.

ಕೇಳುವ ಒಬ್ಬೊಬ್ಬರಿಗೂ ಕಾರ್ಯಕ್ರಮ ಹಂಚುವ ಐಸ್‌ಕಾಸ್ಟ್ ಸರ್ವರನ್ನು ಮನೆಯಲ್ಲೇ ಇಡುವ ಹಟ ಬೇಡ. 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್) 50 ಜನ ಕೇಳಿದರೆ 6.4 ಎಂಬಿಪಿಎಸ್ (ಮೆಗಾಬಿಟ್) ಅಪ್‌ಲೋಡ್ ಬೇಕು. ಬಾಡಿಗೆ ಸರ್ವರ್ ಇದ್ದರೆ ನೀವು ಕಳಿಸುವುದು ಒಂದೇ ಸ್ಟ್ರೀಮ್. ಕಳಿಸಲು ‘ಬಟ್’ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ಹೆಸರು ಕೇಳಿ ನಗಬೇಡಿ. ಬರೀ ಮಾತಾದರೆ 64 ಕೆಬಿಪಿಎಸ್ ಮೋನೋ ಇಡಿ. ಊರಲ್ಲಿ ಮೊಬೈಲ್ ಡೇಟಾದಲ್ಲಿ ಕೇಳುವ ಅತ್ತೆಗೆ ಗಂಟೆಗೆ ಸುಮಾರು 29 ಎಂಬಿ ಖರ್ಚು. ವೈ-ಫೈ ಬಿಟ್ಟು ರೂಟರ್‌ಗೆ ಕೇಬಲ್ ಹಾಕಿ. ಐಸ್‌ಕಾಸ್ಟ್ ಜೊತೆ ಬರುವ ಪಾಸ್‌ವರ್ಡ್ ‘ಹ್ಯಾಕ್‌ಮಿ’. ಅದನ್ನೂ ಬದಲಿಸದೆ ಬಿಡುವವರಿಗೆ ಏನು ಹೇಳೋಣ!

ಇಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ನಮ್ಮ ಸಂಜೆ 4ರ ಕಾರ್ಯಕ್ರಮ ಊರಲ್ಲಿ ಬೇಸಿಗೆಯಲ್ಲಿ ರಾತ್ರಿ 8.30ಕ್ಕೆ, ಚಳಿಗಾಲದಲ್ಲಿ 9.30ಕ್ಕೆ. ಅಷ್ಟು ಹೊತ್ತಿಗೆ ಅತ್ತೆ ಮಲಗಿರುತ್ತಾರೆ. ವೇಳಾಪಟ್ಟಿಗೆ ಭಾರತದ ಸಮಯವನ್ನೇ ಹಿಡಿಯಿರಿ.

ಸಾಮಾನು ಕೆಟ್ಟಾಗ ಮಾತ್ರ ನನ್ನ ಓಟು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ. ಹೆಡ್‌ಫೋನ್ ಜ್ಯಾಕ್ ಸಡಿಲವಾದರೆ ಅಲ್ಲಿ ಯಾರಾದರೂ ಸೋಲ್ಡರ್ ಮಾಡಿ (ಬೆಸುಗೆ ಹಾಕಿ) ಕೊಡುತ್ತಾರೆ, ನಾವು ಟೀ ಕುಡಿದು ಬರುವಷ್ಟರಲ್ಲಿ. ಇಲ್ಲಿ ಅಂಗಡಿಯವರು ‘ಹೊಸದು ತಗೊಳ್ಳಿ’ ಅನ್ನುತ್ತಾರೆ. ಸ್ವಯಂಸೇವಕರು ಕೂತು ಕೆಟ್ಟ ಸಾಮಾನು ಸರಿಮಾಡಿಕೊಡುವ, 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ರಿಪೇರಿ ಕೆಫೆ ಈಗ ಇಲ್ಲಿನ ಊರುಗಳಲ್ಲೂ ಇದೆ. ಒಳ್ಳೆಯ ಜನ, ದುಡ್ಡೂ ಕೇಳಲ್ಲ. ಆದರೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಅದೂ ಫಾರ್ಮ್ ತುಂಬಿ ಸಾಲಲ್ಲಿ ಕೂರಬೇಕು. ಶನಿವಾರ ರಾತ್ರಿ ಜ್ಯಾಕ್ ಕಿತ್ತುಬಂದು ಭಾನುವಾರ ಕಾರ್ಯಕ್ರಮ ಇದ್ದರೆ? ಸೋಲ್ಡರಿಂಗ್ ಕಲಿತುಕೊಳ್ಳಿ. ಮೈಕಿಗಿಂತ ಮೊದಲು ಸೋಲ್ಡರಿಂಗ್ ಐರನ್ನನ್ನೇ ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳಲ್ಲ.